ಹುಳಿ ನೀರಿನ ಕೂಸುಗಳು

ಹೊನ್ನವಳ್ಳಿಯಲ್ಲಿ ಇವತ್ತು ಮೀಸೆ ತಿರುವಿಕೊಂಡು ಓಡಾಡುವ ಗಂಡಸರಲ್ಲಿ ಮುಕ್ಕಾಲು ಪಾಲು ಜನ ಒಂದು ಕಾಲದಲ್ಲಿ ಪುಟ್ಟಗಂಗಮ್ಮನ ಕಾಲ ಮೇಲೆ ಬೋರಲು ಬಿದ್ದು, ಬಿಸಿನೀರು ಹುಯ್ಯಿಸಿಕೊಂಡು, ಬೀದಿಗೆಲ್ಲ ಕೇಳುವಂತೆ ಅತ್ತವರೇ. ಕೂಸಿಗೆ ನೀರು ಹಾಕುವುದಕ್ಕೆ ಆಕೆ ಯಾವತ್ತೂ ಕೂಲಿ ಕೇಳಿದವಳಲ್ಲ. ಬಾಣಂತಿ ಇರುವ ಮನೆಯವರು ಕರೆಯುತ್ತಿದ್ದರು, ಈಕೆ ಸೆರಗು ಸಿಕ್ಕಿಸಿಕೊಂಡು ಹೋಗುತ್ತಿದ್ದಳು, ಬರುವಾಗ ಮಡಿಲಲ್ಲಿ ಎಲೆ ಅಡಿಕೆ, ಒಂದು ಕೊಬ್ಬರಿ. ಅಷ್ಟೇ. ಜಂಬ ಮಾತ್ರ ಬೇಕಾದಷ್ಟಿತ್ತು, ಅದನ್ನು ಮುಚ್ಚಿಟ್ಟುಕೊಳ್ಳುವ ಹೆಂಗಸೂ ಆಕೆಯಲ್ಲ. "ನನ್ ಕೈಗೆ ಬಂದ ಕೂಸು ಒಂದೂ ಬಡವಾಗಿಲ್ಲ ಕಣ್ರೀ" ಎಂದು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದಳು. ಪಂಚಾಯ್ತಿ ಮೆಂಬರು ನಲ್ಲಿಯ ಹತ್ತಿರ ಜೋರು ಮಾಡಿದರೆ, "ಸುಮ್ಕಿರಲಾ, ನಿನ್ ಮೂಗು ತಿದ್ದಿದ್ದೇ ನಾನು" ಎಂದುಬಿಡುವಳು. ಮೆಂಬರು ಮೂಗು ಸವರಿಕೊಂಡು ಜಾಗ ಬಿಡುವನು.

ಈಚೆಗೆ ಆಕೆಯನ್ನು ಕರೆಯುವವರು ಕಡಿಮೆಯಾಗಿದ್ದರು. ಹೆರಿಗೆಗೆ ತಿಪಟೂರಿನ ಆಸ್ಪತ್ರೆ, ಕೂಸಿಗೆ ಡಬ್ಬಿಯ ಪೌಡರು, ನೀರು ಹಾಕುವುದಕ್ಕೆ ಪ್ಲಾಸ್ಟಿಕ್ಕಿನ ತೊಟ್ಟಿ. ಪುಟ್ಟಗಂಗಮ್ಮ ಜಗಲಿಯ ಮೇಲೆ ಕೂತು, ಸೊಂಟದ ಎಲೆ ಅಡಿಕೆ ಚೀಲ ಬಿಚ್ಚಿ, ಸುಣ್ಣದ ಡಬ್ಬಿಯಿಂದ ಬೆರಳ ತುದಿಯಲ್ಲಿ ಸುಣ್ಣ ತೆಗೆದು ಎಲೆಗೆ ಬಳಿದು, ಮಿಕ್ಕಿದ್ದನ್ನು ಕಂಬಕ್ಕೆ ಒರೆಸುತ್ತ ಹೊತ್ತು ಕಳೆಯುತ್ತಿದ್ದಳು. ಆ ಕಂಬ ಎಷ್ಟೋ ವರ್ಷದ ಸುಣ್ಣದ ಬರೆಗಳಿಂದ ಬೆಳ್ಳಗಾಗಿತ್ತು. ಹಾಗೆ ಕೈ ಖಾಲಿ ಕೂತಿದ್ದ ಎರಡು ಸಾವಿರದ ಆರನೇ ಇಸವಿಯ ಮುಂಗಾರಿನಲ್ಲಿ ಮೊಮ್ಮಗಳು ಜ್ಯೋತಿಲಕ್ಷ್ಮಿ ಬಸ್ಸಿನಿಂದ ಇಳಿದಳು. ಹಿಂದೆಯೇ ಕಂಡಕ್ಟರು ಬೈಯುತ್ತ ಐದಾರು ನೀರಿನ ಕ್ಯಾನು ಇಳಿಸಿದ.

ಜ್ಯೋತಿ ಪುಟ್ಟಗಂಗಮ್ಮನ ಮಗ ತಿಮ್ಮರಾಜುವಿನ ಒಬ್ಬಳೇ ಮಗಳು. ಕಡಲ ಕಡೆಯ ಒಂದು ಕಾಲೇಜಿನಲ್ಲಿ ಕಡಲ ಜೀವಿಗಳ ವಿಷಯ ಓದುತ್ತಿದ್ದಳು. ತೆಂಗಿನ ಮರದ ಬುಡ, ಕೊಳವೆ ಬಾವಿ, ಎಳನೀರು, ಇಷ್ಟು ಬಿಟ್ಟರೆ ನೀರೆಂಬುದನ್ನೇ ಕಾಣದ ಊರಿನ ಹುಡುಗಿಗೆ ಕಡಲಿನ ಹುಚ್ಚು ಎಲ್ಲಿಂದ ಹಿಡಿಯಿತೋ ಯಾರಿಗೂ ಗೊತ್ತಿಲ್ಲ. ತಿಮ್ಮರಾಜು ಮೊದಲು ಗೊಣಗಿದ, ಆಮೇಲೆ ಮಗಳ ಹಟದ ಮುಂದೆ ತನ್ನದು ನಡೆಯುವುದಿಲ್ಲವೆಂದು ತಿಳಿದು ಹೆಮ್ಮೆಪಡುವುದಕ್ಕೆ ಶುರುಮಾಡಿದ. ಈಗ ಹಾಸ್ಟೆಲಿನ ಹೆಂಚು ತೆಗೆದು ತಾರಸಿ ಹಾಕಿಸುತ್ತಿದ್ದಾರಂತೆ, ಒಂದು ತಿಂಗಳು ಬಾಗಿಲು. ಹುಡುಗಿ ಬಟ್ಟೆಬರೆಯ ಜೊತೆಗೆ ತನ್ನ ಪ್ರಯೋಗವನ್ನೂ ಎತ್ತಿಕೊಂಡು ಊರಿಗೆ ಬಂದಿದ್ದಳು.

ಪ್ರಯೋಗವೆಂದರೆ ಎರಡು ಗಾಜಿನ ಜಾಡಿ. ಕೊಬ್ಬರಿ ತುಂಬಿದ ಅಟ್ಟದ ಕೆಳಗಿನ ಕೋಣೆ ತಂಪಾಗಿರುತ್ತದೆಂದು ಅಲ್ಲಿ ಮೇಜು ಹಾಕಿ ಎರಡನ್ನೂ ಪಕ್ಕಪಕ್ಕ ಇಟ್ಟಳು. ತಳದಲ್ಲಿ ರಾಗಿ ಕಾಳು ಚೆಲ್ಲಿದಂತೆ ಏನೋ ಇತ್ತು.

"ಇದೇನವ್ವ, ರಾಗಿ ನೆನೆ ಹಾಕಿದೀಯಾ?" ಎಂದಳು ಪುಟ್ಟಗಂಗಮ್ಮ.

"ಸಿಂಪಿ ಮರಿ ಅಜ್ಜಿ, ಕಡಲಲ್ಲಿ ಚಿಪ್ಪಿನೊಳಗೆ ಇರ್ತವಲ್ಲ ಅವು. ಜೀವ ಐತೆ ಅವಕ್ಕೆ. ಬಾ ಇಲ್ಲಿ" ಎಂದು ಜ್ಯೋತಿ ಒಂದು ಮರಿಯನ್ನು ಗಾಜಿನ ಬಿಲ್ಲೆಯ ಮೇಲೆ ಎತ್ತಿಟ್ಟು, ಅಜ್ಜಿಯ ಕಣ್ಣಿಗೆ ಭೂತಗನ್ನಡಿ ಹಿಡಿದಳು.

ಪುಟ್ಟಗಂಗಮ್ಮ ನೋಡಿದಳು. ಉಗುರಿನಷ್ಟು ತೆಳ್ಳನೆಯ ಎರಡು ಚಿಪ್ಪು, ನಡುವೆ ಏನೋ ಮಿಡುಕಿದ ಹಾಗಾಯಿತು. ಒಂದು ಸಲ ತೆರೆಯಿತು, ಬೆಳಕು ಕಂಡು ಫಟ್ಟನೆ ಮುಚ್ಚಿಕೊಂಡಿತು. ಬಚ್ಚಲ ಬಿಸಿಲಿಗೆ ಕಣ್ಣು ಮುಚ್ಚಿಕೊಳ್ಳುವ ಹತ್ತು ದಿನದ ಕೂಸುಗಳನ್ನು ಆಕೆ ಎಷ್ಟು ಕಂಡಿರಲಿಕ್ಕಿಲ್ಲ. ಅಲ್ಲಿಗೆ ಮುಗಿಯಿತು, ಅವು ಆಕೆಯ ಪಾಲಿಗೆ ಕೂಸುಗಳಾದವು.

"ಇವಕ್ಕೆ ಏನ್ ಮಾಡ್ತೀಯ ನೀನು?"

ಜ್ಯೋತಿ ಮೇಜಿನ ಅಂಚಿಗೆ ಒರಗಿಕೊಂಡು ಹೇಳಿದಳು. "ಬಸ್ಸು, ಲಾರಿ, ಫ್ಯಾಕ್ಟರಿ, ಎಲ್ಲಾದ್ರ ಹೊಗೆ ಮೇಲಕ್ ಹೋಗ್ತದಲ್ಲ ಅಜ್ಜಿ, ಅದ್ರಲ್ಲಿರೋ ಒಂದು ಗ್ಯಾಸನ್ನ ಸಮುದ್ರ ಕುಡ್ಕತದೆ. ಬಸ್‌ಸ್ಟಾಂಡಿನ ಅಂಗಡೀಲಿ ಮೈಲಾರಿ ಸೋಡಾಕ್ಕೆ ತುಂಬೋದೂ ಅದೇ ಗ್ಯಾಸು. ಕುಡ್ಕಂಡು ಕುಡ್ಕಂಡು ಸಮುದ್ರದ ನೀರು ನಿಧಾನಕ್ಕೆ ಹುಳಿ ಕಡೆಗೆ ತಿರುಗ್ತಾ ಐತೆ."

"ಸಮುದ್ರ ಸೋಡಾ ಆಯ್ತದೆ ಅನ್ನು."

"ಸೋಡಾ ಅಲ್ಲ. ಸೋಡಾ ಇರೋ ದಿಕ್ಕಿಗೆ ಒಂದು ಹೆಜ್ಜೆ ಇಟ್ಟೈತೆ ಅಷ್ಟೆ. ನಮ್ ನಾಲಿಗೆಗೆ ಗೊತ್ತೇ ಆಗಲ್ಲ. ಆದ್ರೆ ಇವಕ್ಕೆ ಗೊತ್ತಾಗ್ತದೆ. ದೊಡ್ಡ ಸಿಂಪಿ ಹೆಂಗೋ ತಡ್ಕತವೆ. ಮರಿಗಳು ಮೊದಲನೇ ಚಿಪ್ಪು ಕಟ್ಟೋ ಹೊತ್ನಲ್ಲಿ ಅದಕ್ಕೆ ಬೇಕಾದ್ದನ್ನ ನೀರಿಂದ್ಲೇ ಎಳ್ಕಬೇಕು. ಹುಳಿ ನೀರಲ್ಲಿ ಅದು ಸಲೀಸಾಗಿ ಸಿಗಲ್ಲ. ಕಟ್ಟಿದ್ದನ್ನೂ ಹುಳಿ ಅಂಚಿಂದ ತಿಂತಾ ಬತ್ತದೆ."

"ಎಳನೀರಿನ ಕಾಯಿ ಕರಟ ಕಟ್ಟೋ ಹೊತ್ನಲ್ಲಿ ಮರಕ್ಕೆ ಸೊರಗು ಬಂದಂಗೆ" ಎಂದಳು ಪುಟ್ಟಗಂಗಮ್ಮ.

"ಹಂಗೇ ಅಂದ್ಕೊ. ಎಡಗಡೆ ಜಾಡೀಲಿ ಈಗಿನ ಸಮುದ್ರದ ನೀರು. ಬಲಗಡೆದು ಮುಂದೆ ಯಾವತ್ತೋ ಬರೋ ಸಮುದ್ರದ ನೀರು. ಎರಡ್ರಲ್ಲಿರೋ ಮರಿಗಳೂ ಹೆಂಗೆ ಬೆಳೀತವೆ ಅಂತ ನೋಡಿ, ಅಳೆದು, ನಮ್ ಮೇಡಂಗೆ ತೋರ್ಸಬೇಕು. ಕೆಲಸ ಚೊಕ್ಕವಾಗಿದ್ರೆ ಡಿಸೆಂಬರಿನಲ್ಲಿ ಹೊರಡೋ ಹಡಗಲ್ಲಿ ಅವ್ರ ಜೊತೆಗೆ ಒಂದು ಜಾಗ ಐತೆ. ಒಂದೇ ಒಂದು. ನನಗೆ ಅದು ಬೇಕು."

ಆ ರಾತ್ರಿ ಊಟಕ್ಕೆ ಕೂತಾಗ ಹಡಗಿನ ಮಾತು ಮತ್ತೆ ಬಂತು. ಪುಟ್ಟಗಂಗಮ್ಮ ಮುದ್ದೆ ಮುರಿಯುತ್ತ ಎಲ್ಲರ ಎದುರಿಗೇ ಅಂದಳು: "ಹಡಗೂ ಬ್ಯಾಡ, ಏನೂ ಬ್ಯಾಡ. ತಿಪಟೂರಿಗೆ ಬಸ್ಸಲ್ಲಿ ಹೋದ್ರೆ ವಾಂತಿ ಮಾಡ್ಕಳೋಳು, ಹಡಗಲ್ಲಿ ಏನಾಯ್ತೀಯೆ ನೀನು?" ಎಲ್ಲರೂ ನಕ್ಕರು. ಜ್ಯೋತಿಯೂ ನಕ್ಕಳು, ಆದರೆ ಆ ಮಾತು ಅವಳ ತಲೆಯಲ್ಲಿ ಉಳಿದುಕೊಂಡಿತು. ನಗುತ್ತ ಆಡಿದ ಮಾತು ಯಾವ ಮೂಲೆಯಲ್ಲಿ ಹೋಗಿ ಕೂತುಕೊಳ್ಳುತ್ತದೆಂದು ಆಡಿದವರಿಗೆ ತಿಳಿಯುವುದಿಲ್ಲ.

ಬಲಗಡೆ ಜಾಡಿಗೆ ಗ್ಯಾಸು ಬೇಕಲ್ಲ. ಅದಕ್ಕೆ ಬಸ್‌ಸ್ಟಾಂಡಿನ ಸೋಡಾ ಮೈಲಾರಿಯೇ ಗತಿಯಾದ. ಜ್ಯೋತಿ ದಿನಾ ಬೆಳಿಗ್ಗೆ ಗೋಲಿ ಸೋಡಾ ಬಾಟಲಿಗೆ ಕಡಲ ನೀರು ತುಂಬಿಕೊಂಡು ಹೋಗುವಳು. ಮೈಲಾರಿ ಅದನ್ನು ತನ್ನ ಯಂತ್ರಕ್ಕೆ ಸಿಕ್ಕಿಸಿ, ಗ್ಯಾಸು ಬಿಟ್ಟು, ಗರಗರ ತಿರುಗಿಸಿ ಕೊಡುವನು. ಅವಳು ಆ ಉಪ್ಪು ಸೋಡಾವನ್ನು ತಂದು ಬಲಗಡೆ ಜಾಡಿಗೆ ಸ್ವಲ್ಪಸ್ವಲ್ಪವೇ ಸುರಿಯುತ್ತ, ನಡುನಡುವೆ ಒಂದು ಚಮಚ ನೀರು ಬೇರೆ ತೆಗೆದು ಅದಕ್ಕೆ ಬಣ್ಣದ ಹನಿ ಬಿಡುವಳು. ಎಡಗಡೆ ನೀರಿಗೆ ಹನಿ ಬಿಟ್ಟರೆ ನೇರಳೆ, ಹುಳಿ ಹೆಚ್ಚಾದಂತೆ ಹಳದಿಯ ಕಡೆಗೆ. ರಟ್ಟಿನ ಮೇಲೆ ಬಳಿದಿಟ್ಟ ಒಂದು ಬಣ್ಣಕ್ಕೆ ಸರಿಹೊಂದಿದ ಕೂಡಲೇ ಸುರಿಯುವುದನ್ನು ನಿಲ್ಲಿಸುವಳು.

ಮಧ್ಯೆ ಒಂದು ಅವಾಂತರವೂ ಆಯಿತು. ಚಿಕ್ಕನಾಯಕನಹಳ್ಳಿ ಬಸ್ಸಿನ ಕಂಡಕ್ಟರು ಬಾಯಾರಿ ಬಂದವನು, ಮೈಲಾರಿ ಅತ್ತ ತಿರುಗಿದ್ದಾಗ ಕೈಗೆ ಸಿಕ್ಕಿದ ಬಾಟಲಿಯ ಗೋಲಿ ಒತ್ತಿ ಗಟಗಟ ಕುಡಿದುಬಿಟ್ಟ. ಮುಖ ಒಂದು ಸುತ್ತು ತಿರುಗಿ ವಾಪಸ್ಸು ಬಂತು. "ಉಪ್ಪು ಸೋಡಾ ಅಂದ್ರೆ ಹಿಂಗೇನಲಾ ಮಾಡೋದು, ನಿಂಬೆಹಣ್ಣಾದ್ರೂ ಹಿಂಡಬಾರ್ದಾ?" ಎಂದ. ಮೈಲಾರಿ ತಣ್ಣಗೆ, "ಅದು ಕಡಲಿಂದ ಬಂದಿರೋ ಮಾಲು ಕಣಣ್ಣ, ನಿಂಬೆಹಣ್ಣು ಕೇಳಲ್ಲ" ಎಂದ. ಊರಿನಲ್ಲಿ ಒಂದು ವಾರ ಇದೇ ಮಾತು.

ಇತ್ತ ಪುಟ್ಟಗಂಗಮ್ಮನಿಗೆ ಕೊಬ್ಬರಿ ಕೋಣೆಯದೇ ಧ್ಯಾನವಾಯಿತು. ಮೊಮ್ಮಗಳು ಬಸ್‌ಸ್ಟಾಂಡಿಗೆ ಹೋದ ಮೇಲೆ ಒಳಗೆ ಹೋಗಿ, ಭೂತಗನ್ನಡಿಯನ್ನು ಜಾಡಿಯ ಗಾಜಿಗೆ ಒತ್ತಿ ನೋಡುವಳು. ಎಡಗಡೆಯವು ದಿನದಿಂದ ದಿನಕ್ಕೆ ಗುಂಡಗುಂಡಗಾಗುತ್ತಿದ್ದವು. ಬಲಗಡೆಯವು ಸಪ್ಪಗಿದ್ದವು. ಚಿಪ್ಪಿನ ಅಂಚು ಇಲಿ ಕಡಿದ ರೊಟ್ಟಿಯಂತಿತ್ತು. ತನ್ನ ಸೂರಿನ ಕೆಳಗೆ, ತನ್ನ ಕಣ್ಣೆದುರಿಗೆ, ಕೂಸುಗಳು ಬಡವಾಗುತ್ತಿವೆ. ಕಾರಣವೂ ಗೊತ್ತು. ಹುಳಿ.

ಹುಳಿಗೆ ಮದ್ದು ಆಕೆಗೆ ಗೊತ್ತಿಲ್ಲವೇ? ಕುಡಿದ ಹಾಲನ್ನೆಲ್ಲ ಮೊಸರಿನಂತೆ ಕಕ್ಕುವ ಎಷ್ಟು ಕೂಸುಗಳನ್ನು ಆಕೆ ನೋಡಿಲ್ಲ. ಹೊಟ್ಟೆ ಹುಳಿಯಾಗಿದೆ ಅನ್ನುವಳು. ಎಲೆಗೆ ಹಾಕುವ ಸುಣ್ಣವನ್ನು ಲೋಟದ ನೀರಿನಲ್ಲಿ ಕದಡಿ, ಸುಣ್ಣವೆಲ್ಲ ತಳಕ್ಕಿಳಿಯುವ ತನಕ ಬಿಟ್ಟು, ಮೇಲಿನ ತಿಳಿಯನ್ನು ಮಾತ್ರ ಹಾಲಿಗೆ ಹನಿಸಿ ಕುಡಿಸುವಳು. ಅಂಥ ಕೂಸುಗಳೇ ಈಗ ತೆಂಗಿನಮರ ಹತ್ತಿ ಕಾಯಿ ಕೆಡವುತ್ತಿವೆ. ಅಂದಮೇಲೆ ಇದರಲ್ಲಿ ಯೋಚನೆ ಮಾಡುವುದೇನು. ಒಂದು ಲೋಟ ಸುಣ್ಣದ ತಿಳಿ ತಂದು ಬಲಗಡೆ ಜಾಡಿಗೆ ಚೂರು ಹುಯ್ದಳು. ಮಾರನೆಯ ದಿನವೂ ಹುಯ್ದಳು. ಆಮೇಲೆ ಅದೇ ರೂಢಿಯಾಯಿತು. ಹೇಳಿದರೆ ಹುಡುಗಿ ಬೇಡವೆಂದಾಳು ಎಂದು ಹೇಳಲಿಲ್ಲ. ಮಕ್ಕಳಿಗೆ ಮದ್ದು ಕುಡಿಸುವಾಗ ತಾಯಂದಿರನ್ನು ಹೊರಗೆ ಕಳಿಸಿ ಅಭ್ಯಾಸ ಆಕೆಗೆ.

ಕೂಸುಗಳು ಚೇತರಿಸಿಕೊಂಡವು. ಪುಟ್ಟಗಂಗಮ್ಮ ಒಳಗೊಳಗೇ ಹಿಗ್ಗಿದಳು.

ಜ್ಯೋತಿಗೆ ತಲೆಕೆಟ್ಟಿತು. ಬಲಗಡೆ ಜಾಡಿ ದಿನಾ ಮೊದಲಿಗಿಂತ ಹೆಚ್ಚು ಸೋಡಾ ಕುಡಿಯುತ್ತಿತ್ತು. ಎಷ್ಟು ಸುರಿದರೂ ಬಣ್ಣ ಬೇಗ ಹಳದಿಗೆ ತಿರುಗದು. "ಏನವ್ವ, ನಿನ್ ಮರಿಗಳಿಗೂ ಕಂಡಕ್ಟರಂಗೆ ರುಚಿ ಹತ್ತಿತಾ?" ಎಂದು ಮೈಲಾರಿ ನಗಾಡಿದ. ಕಷ್ಟಪಟ್ಟು ಬಣ್ಣ ಸರಿಮಾಡಿದರೂ ಮರಿಗಳು ಸೊರಗುವ ಬದಲು ದುಂಡಗಾಗುತ್ತಿದ್ದವು. ಓದಿದ್ದೆಲ್ಲ ಸುಳ್ಳೇ, ತಾನು ಅಳೆಯುವುದರಲ್ಲೇ ತಪ್ಪೇ ಎಂದು ಹುಡುಗಿ ಊಟ ಬಿಟ್ಟು ಕೂತಳು. ಜಾಡಿಯ ತಳದಲ್ಲಿ ಬೆಳ್ಳಗೆ ಏನೋ ಧೂಳಿನಂತೆ ಕೂತಿತ್ತು. ಅದನ್ನು ನೋಡುತ್ತ ತಲೆ ಎತ್ತಿದವಳಿಗೆ ಕೋಣೆಯ ಬಾಗಿಲ ಚೌಕಟ್ಟು ಕಣ್ಣಿಗೆ ಬಿತ್ತು. ಹಳೇ ಹೊಗೆಗೆ ಕಪ್ಪಾದ ಮರದ ಮೇಲೆ ಬೆಳ್ಳಗೆ, ಹೊಸದಾಗಿ, ಬೆರಳು ಎಳೆದ ಒಂದು ಸುಣ್ಣದ ಬರೆ. ಅದರ ಪಕ್ಕದಲ್ಲಿ ಇನ್ನೊಂದು.

ಆ ಮನೆಯಲ್ಲಿ ಎಲೆ ಅಡಿಕೆ ಹಾಕುವವಳು ಒಬ್ಬಳೇ.

ಜ್ಯೋತಿ ಜಗಲಿಗೆ ಬಂದಳು. ಕೂಗಾಡಲಿಲ್ಲ, ಮುಖ ಮಾತ್ರ ಬಿಳುಚಿತ್ತು. "ಜಾಡಿಗೆ ಸುಣ್ಣ ಹಾಕಿದ್ಯಾ ಅಜ್ಜಿ?"

"ಬರೀ ತಿಳಿ ಕಣವ್ವ" ಎಂದಳು ಪುಟ್ಟಗಂಗಮ್ಮ, ಮೆಚ್ಚಿಕೊಳ್ಳುತ್ತಾಳೇನೋ ಎಂಬಂತೆ. "ನೋಡ್ದಾ, ಹೆಂಗೆ ತುಂಬ್ಕಂಡವೆ."

"ಹಡಗಿಗೆ ಹೋಗ್ಬ್ಯಾಡ ಅಂದಿದ್ದೆ ನೀನು. ಬಾಯಲ್ಲಿ ಅಂದಿದ್ದು ಸಾಕಾಗ್ಲಿಲ್ವಾ ನಿನಗೆ?"

ಪುಟ್ಟಗಂಗಮ್ಮನಿಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾದಾಗ ಬಾಯಲ್ಲಿದ್ದ ಎಲೆ ಅಡಿಕೆ ಕಹಿಯಾಯಿತು. ಗಲಾಟೆ ಕೇಳಿ ತಿಮ್ಮರಾಜು ಬಂದು, ಎಲ್ಲ ತಿಳಿದುಕೊಂಡು, "ಯಾಕವ್ವ ಹಿಂಗ್ ಮಾಡ್ದೆ, ಮಗು ಎಷ್ಟು ಆಸೆ ಇಟ್ಕಂಡಿತ್ತು" ಎಂದ. ಅವನೂ ಹಾಗೇ ತಿಳಿದ. ಊರವರೆಲ್ಲರ ಮೂಗು ತಿದ್ದಿದ ಹೆಂಗಸು ಬಾಯಲ್ಲಿದ್ದದ್ದನ್ನು ಉಗಿದಳು. ಕದ್ದು ಮಾಡಿದ್ದು ನಿಜವೇ ತಾನೆ, ಇನ್ನು ಒಳ್ಳೆಯದಕ್ಕೆ ಮಾಡಿದೆ ಎಂದರೆ ಯಾರು ಕೇಳುತ್ತಾರೆ? ಎದ್ದು ಹಿತ್ತಲಿಗೆ ಹೋಗಿ, ತೆಂಗಿನಗರಿಯ ರಾಶಿಯ ಹತ್ತಿರ ಗರಿ ಸೀಳುತ್ತ ನಿಂತುಕೊಂಡಳು. ಮೊಮ್ಮಗಳು ತನ್ನನ್ನು ಅಷ್ಟು ಕೆಟ್ಟವಳೆಂದುಕೊಂಡಳಲ್ಲ.

ಜ್ಯೋತಿ ಒಂದು ದಿನ ಅತ್ತಳು, ಆಮೇಲೆ ಮೂಗು ಒರೆಸಿಕೊಂಡು ಎದ್ದಳು. ಎಡಗಡೆಯ ಮರಿಗಳಲ್ಲಿ ಅರ್ಧವನ್ನು ಬೇರೆ ಮಾಡಿ, ಕೊನೆಯ ಕ್ಯಾನಿನ ಕಡಲ ನೀರು ತೆಗೆದು, ಹೊಸ ಜಾಡಿಯಲ್ಲಿ ಮೊದಲಿಂದ ಶುರುಮಾಡಿದಳು. ಇರುವ ದಿನಗಳು ಅಂತೂ ಇಂತೂ ಸಾಕಾಗುತ್ತಿದ್ದವು. ಒಟ್ಟಿಗೆ ಎರಡು ದಿನ ತಪ್ಪಿದರೆ ಹಡಗು ತಪ್ಪಿದಂತೆ. ಸುಣ್ಣದ ಜಾಡಿಯನ್ನು ತಾಯಿ ಮಂಜಮ್ಮನ ಕೈಗೆ ಕೊಟ್ಟು, "ಇದು ಕೆಟ್ಟು ಹೋಯ್ತು, ಚೆಲ್ಲಿಬುಡಮ್ಮ" ಎಂದಳು. ಕೊಬ್ಬರಿ ಕೋಣೆಗೆ ಬೀಗ ಬಿತ್ತು.

ಮಂಜಮ್ಮ ಚೆಲ್ಲಲು ಹೊರಟಾಗ ಹಿತ್ತಲ ಬಾಗಿಲಲ್ಲಿ ಅತ್ತೆ ಕೈಚಾಚಿ ನಿಂತಿದ್ದಳು. ಸೊಸೆ ಒಂದು ಸಲ ಹಿಂದಕ್ಕೆ ನೋಡಿ, ಜಾಡಿಯನ್ನು ಆ ಕೈಗೆ ಕೊಟ್ಟಳು. ಮರಿಗಳಿಗೆ ಉಣ್ಣಿಸುವ, ಪಾಚಿ ಬೆಳೆದ ಹಸಿರು ನೀರನ್ನೂ ಕಿಟಕಿಯಲ್ಲಿಟ್ಟಿದ್ದ ಜ್ಯೋತಿಯ ಬಾಟಲಿಯಿಂದ ಆಗಾಗ ಒಂದಿಷ್ಟು ತಂದುಕೊಡುವೆನೆಂದಳು. ಅಂದಿನಿಂದ ಆ ಜಾಡಿ ಬಚ್ಚಲುಮನೆಯ ಮೂಲೆಯಲ್ಲಿ, ಹಂಡೆಯ ಬಿಸಿ ತಾಕದ ಕಡೆ, ಕುಕ್ಕೆಯ ಕೆಳಗೆ ಉಳಿಯಿತು.

ಅದೇ ಹೊತ್ತಿಗೆ ಚಿಕೂನ್‌ಗುನ್ಯಾ ಬಂತು. ಆ ವರ್ಷ ಅದು ಯಾರನ್ನು ಬಿಟ್ಟಿತ್ತು? ಊರಿಗೆ ಊರೇ ಸೊಂಟ ಹಿಡಿದುಕೊಂಡು, ಕೋಲೂರಿಕೊಂಡು ಓಡಾಡುತ್ತಿತ್ತು. ಪಂಚಾಯ್ತಿ ಮೆಂಬರು ನಮಸ್ಕಾರ ಮಾಡುವುದಕ್ಕೆ ಬಗ್ಗಿದವನು ಹಾಗೇ ಉಳಿದ. ಮೈಲಾರಿ ಯಂತ್ರ ತಿರುಗಿಸುವಾಗೆಲ್ಲ ಅವನ ಕೀಲಿನ ಸದ್ದೋ ಯಂತ್ರದ ಸದ್ದೋ ತಿಳಿಯುತ್ತಿರಲಿಲ್ಲ. ಮನೆಯಲ್ಲಿ ಮೊದಲು ಮಂಜಮ್ಮ ಬಿದ್ದಳು, ಆಮೇಲೆ ತಿಮ್ಮರಾಜು, ಕೊನೆಗೆ ಜ್ಯೋತಿ. ಜ್ವರ ಬಿಟ್ಟರೂ ಅವಳ ಬೆರಳು ಮಡಿಸಲು ಬಾರದು, ನಿಂತರೆ ಮೊಣಕಾಲು ನಿಲ್ಲದು. ಸೊಳ್ಳೆಗಳಿಗೆ ಏನನ್ನಿಸಿತೋ, ಪುಟ್ಟಗಂಗಮ್ಮನನ್ನು ಮಾತ್ರ ಮುಟ್ಟಲಿಲ್ಲ. ಗಂಜಿ ಕಾಯಿಸಿ, ಎಣ್ಣೆ ಬಿಸಿಮಾಡಿ, ಮೂವರ ಕೈಕಾಲು ನೀವುತ್ತಿದ್ದಳು. ಮೊಮ್ಮಗಳ ಜೊತೆ ಮಾತಿಲ್ಲ. ನೀವುವುದಕ್ಕೆ ಮಾತೇಕೆ.

ಹಾಸಿಗೆ ಹಿಡಿದ ಎರಡನೆಯ ದಿನ ಬೆಳಿಗ್ಗೆ ಜ್ಯೋತಿ ದಿಂಬಿನ ಕೆಳಗಿನಿಂದ ಬೀಗದ ಕೈ ತೆಗೆದಳು. ಅದು ಅವಳ ಬೆರಳಿನಿಂದ ಜಾರಿ ಚಾಪೆಯ ಮೇಲೆ ಬಿತ್ತು.

"ನಿನ್ನೆ ಹೋಗ್ಲಿ ಅಂತ ಬುಟ್ಟೆ. ಇವತ್ತೂ ಸೋಡಾ ಬೀಳದಿದ್ರೆ ಆಯ್ತು, ಎಲ್ಲಾ ಮುಗೀತು" ಎಂದಳು. "ಅಪ್ಪನ ಕೈ ನಡುಗ್ತದೆ. ನೀನೇ ಹಾಕ್ಬೇಕು ಅಜ್ಜಿ."

ಪುಟ್ಟಗಂಗಮ್ಮ ಬೀಗದ ಕೈ ಎತ್ತಿಕೊಂಡಳು, ಆದರೆ ಕದಲಲಿಲ್ಲ. "ನಾನ್ ಹಾಕಿದ್ದು ನಿನ್ ಹಡಗು ತಪ್ಪಿಸೋಕಲ್ಲ ಕಣೆ. ಅವು ಬಡವಾಗೋದು ನೋಡೋಕಾಗ್ಲಿಲ್ಲ."

ಜ್ಯೋತಿ ಹೇಳಿದಳು, "ನನಗೂ ನೋಡೋಕಾಗಲ್ಲ ಅಜ್ಜಿ. ಆದ್ರೆ ಜಾಡೀಲಿರೋವು ಒಂದು ಹಿಡಿ. ಸಮುದ್ರದಲ್ಲಿರೋವಕ್ಕೆ ಹಿಂಗೇ ಆಗ್ತದೆ ಅಂತ ಯಾರಾದ್ರೂ ಕಣ್ಣಾರೆ ಕಂಡು ಹೇಳ್ದೆ ಇದ್ರೆ ಯಾರು ನಂಬ್ತಾರೆ? ನಿನ್ ಸುಣ್ಣ ಬಿದ್ರೆ ಏನೂ ಆಗಿಲ್ಲ ಅಂತ ಬರೀಬೇಕಾಯ್ತದೆ. ಅದು ಸುಳ್ಳಾಯ್ತದೆ."

ಪುಟ್ಟಗಂಗಮ್ಮ ಸೊಂಟದ ಚೀಲ ಬಿಚ್ಚಿದಳು. ಮದುವೆಯಾದಾಗಿನಿಂದ ಜೊತೆಗಿದ್ದ ಹಿತ್ತಾಳೆಯ ಸುಣ್ಣದ ಡಬ್ಬಿಯನ್ನು ತೆಗೆದು ಮೊಮ್ಮಗಳ ದಿಂಬಿನ ಕೆಳಗೆ ತಳ್ಳಿದಳು. "ಇದು ನಿನ್ ತಾವೇ ಇರ್ಲಿ. ನನ್ ಕೈಯನ್ನ ನಾನೇ ನಂಬಾಕಿಲ್ಲ" ಎಂದು ಎದ್ದುಹೋದಳು.

ಅಂದಿನಿಂದ ಆ ಕೆಲಸ ಆಕೆಯದಾಯಿತು. ಬೆಳಿಗ್ಗೆ ಬಾಟಲಿ ಹಿಡಿದು ಕೋಲೂರಿದವರ ನಡುವೆ ಸರಸರ ನಡೆದು ಮೈಲಾರಿಯ ಅಂಗಡಿಗೆ. "ಬೇಗ ತಿರುಗಿಸ್ಲಾ, ಎಣ್ಣೆ ಕೊಟ್ ಕಳಿಸ್ತೀನಿ ನಿನ್ ತೋಳಿಗೆ." ಅಲ್ಲಿಂದ ಕೊಬ್ಬರಿ ಕೋಣೆಗೆ. ಕೂಸಿನ ತಲೆಗೆ ನೀರು ಹುಯ್ಯುವಾಗ ಕಣ್ಣಿಗೆ ಬೀಳದಂತೆ ಅಂಗೈ ಅಡ್ಡ ಹಿಡಿದು ಸಣ್ಣಗೆ ಬಿಡುತ್ತಿದ್ದ ಕೈ ಅದು. ಅಷ್ಟೇ ಸಣ್ಣಗೆ ಈಗ ಸೋಡಾ ಸುರಿಯಿತು. ಚಮಚದ ನೀರನ್ನು ಬಾಗಿಲ ಬೆಳಕಿಗೆ ಹಿಡಿದು, ರಟ್ಟಿನ ಬಣ್ಣಕ್ಕೆ ಹೋಲಿಸಿ, ಸಂದೇಹ ಬಂದರೆ ಚಮಚವನ್ನೇ ಜ್ಯೋತಿಯ ಹಾಸಿಗೆಗೆ ಒಯ್ದು ತೋರಿಸಿ ಬರುವಳು. ಮಾತು ಅಲ್ಲಿಂದ ಮತ್ತೆ ಶುರುವಾಯಿತು, ಮೊದಲಿಗೆ ಬರೀ ಬಣ್ಣದ ಮಾತು.

ಸುಣ್ಣವಿಲ್ಲದ ಎಲೆ ಅಡಿಕೆಗೆ ಬಾಯಿ ಕೆಂಪಾಗಲಿಲ್ಲ. ಸಪ್ಪೆ ಸೊಪ್ಪು ಅಗಿದಂತೆ ಅಗಿದು ಉಗಿಯುವಳು. ಸೊಸೆಗೂ ಸುಣ್ಣ ತಾ ಎನ್ನಲಿಲ್ಲ.

ಹೊಸ ಜಾಡಿಯ ಕೂಸುಗಳು ಸೊರಗತೊಡಗಿದವು. ಎಡಗಡೆಯವು ಅವುಗಳ ಒಡಹುಟ್ಟಿದವೇ, ಮೊನ್ನೆಮೊನ್ನೆಯ ತನಕ ಒಂದೇ ಜಾಡಿಯಲ್ಲಿ ಇದ್ದವು. ಈಗ ನೋಡಿದರೆ ಇವುಗಳ ಅಂಚು ಸೀಮೆಸುಣ್ಣದಂತೆ ಬೆಳ್ಳಗಾಗಿ, ಅಲ್ಲಲ್ಲಿ ಚಕ್ಕೆಯೆದ್ದಿತ್ತು. ಪುಟ್ಟಗಂಗಮ್ಮ ಸುರಿಯುತ್ತ ಮಾತಾಡುವಳು. ಕೂಸುಗಳ ಹತ್ತಿರ ಮಾತಾಡದೆ ನೀರು ಹಾಕಿ ಆಕೆಗೆ ಅಭ್ಯಾಸವಿಲ್ಲ. "ಬೈಬ್ಯಾಡ್ರಪ್ಪ ನನ್ನ. ನಿಮ್ಮೋರಿಗೋಸ್ಕರವೇ ಅಂತೆ." ಒಂದು ದಿನ ಜ್ಯೋತಿ ಹೇಳಿದಂತೆ ಒಂದು ಮರಿಯನ್ನು ಕುಂಚದ ಕೂದಲಿಂದ ಬಿಲ್ಲೆಗೆ ಎತ್ತಿಡಲು ಹೋದಾಗ, ಕೂದಲು ತಾಕಿದ್ದಕ್ಕೇ ಚಿಪ್ಪು ಬಿರಿಯಿತು. ಒಳಗಿದ್ದದ್ದು ಒಂದು ಸಲ ಮುದುರಿಕೊಂಡಿತು, ಮತ್ತೆ ಮಿಡುಕಲಿಲ್ಲ. ಪುಟ್ಟಗಂಗಮ್ಮ ಅಲ್ಲೇ ಕೊಬ್ಬರಿ ಮೂಟೆಯ ಮೇಲೆ ಕೂತುಬಿಟ್ಟಳು. ತನ್ನ ಕೈಗೆ ಬಂದ ಕೂಸು ಒಂದೂ ಬಡವಾಗಿಲ್ಲ ಎಂಬ ಮಾತನ್ನು ಇನ್ನು ಆಡುವಂತಿಲ್ಲ. ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಅತ್ತಳು. ಬಚ್ಚಲುಮನೆಯಲ್ಲಿ ಸುಣ್ಣದ ತಿಳಿ ಇನ್ನೂ ಒಂದು ಲೋಟ ಇದೆಯೆಂಬುದು ಆಕೆಗೆ ಗೊತ್ತಿತ್ತು. ಮಾರನೆಯ ದಿನ ಮತ್ತೆ ಬಾಟಲಿ ಹಿಡಿದುಕೊಂಡು ಮೈಲಾರಿಯ ಅಂಗಡಿಗೆ ಹೋದಳು.

ತಿಂಗಳು ಮುಗಿಯುವ ಹೊತ್ತಿಗೆ ಜ್ಯೋತಿ ಗೋಡೆ ಹಿಡಿದು ನಡೆಯುವಂತಾದಳು. ಕೊಬ್ಬರಿ ಕೋಣೆಯಲ್ಲಿ ಕೂತು ಎರಡೂ ಜಾಡಿಯ ಮರಿಗಳನ್ನು ಒಂದೊಂದೇ ಅಳೆದಳು. ಅಜ್ಜಿ ಬಾಗಿಲಲ್ಲಿ ನಿಂತಿದ್ದಳು.

"ಸರಿಯಾಗೈತಾ?"

"ಇದಕ್ಕಿಂತ ಚೊಕ್ಕವಾಗಿ ನಾನೂ ಮಾಡ್ತಿರ್ಲಿಲ್ಲ" ಎಂದಳು ಜ್ಯೋತಿ. ಅವಳ ಕಣ್ಣು ತುಂಬಿತ್ತು. "ಆವತ್ತು ನಾನು ಹಂಗನ್ನಬಾರ್ದಿತ್ತು ಅಜ್ಜಿ."

"ಬುಡು. ಕದ್ದು ಹಾಕಿದ್ದು ನಾನು ತಾನೆ" ಎಂದಳು ಪುಟ್ಟಗಂಗಮ್ಮ. "ಬಾ ಇಲ್ಲಿ, ಇನ್ನೊಂದೈತೆ ನೋಡು."

ಬಚ್ಚಲುಮನೆಯ ಕುಕ್ಕೆ ಎತ್ತಿದಾಗ ಜ್ಯೋತಿ ಮೊದಲು ಬೆಚ್ಚಿದಳು, ಆಮೇಲೆ ಭೂತಗನ್ನಡಿಗೆ ಕೈಚಾಚಿದಳು. ಅವಳು ಚೆಲ್ಲಿಬಿಡು ಎಂದಿದ್ದ ಮರಿಗಳು ಗಟ್ಟಿ ಚಿಪ್ಪು ಕಟ್ಟಿಕೊಂಡು ಜಾಡಿಯ ಗೋಡೆಗೆ ಕಚ್ಚಿ ಕೂತಿದ್ದವು. ನೋಡುತ್ತ ನೋಡುತ್ತ ಅವಳಿಗೆ ನಗು ಬಂತು.

"ಅಜ್ಜಿ, ನೀನು ಎಲೆಗೆ ಹಾಕ್ಕಳೋ ಸುಣ್ಣ ಯಾತರದು?"

"ಕಪ್ಪೆಚಿಪ್ಪು ಸುಟ್ಟಿದ್ದು. ಕಲ್ಲು ಸುಣ್ಣ ಬಾಯಿ ಸುಡ್ತದೆ, ನಾನ್ ಮುಟ್ಟಲ್ಲ."

"ಅದು ಇವ್ರ ಕುಲದ್ದೇ. ಇವುಗಳ ಅಜ್ಜೀನೇ ಅರೆದು ಇವಕ್ಕೆ ಕುಡ್ಸಿದೀಯ ನೀನು."

ಪುಟ್ಟಗಂಗಮ್ಮ ಕುಕ್ಕೆಯನ್ನು ಪಕ್ಕಕ್ಕಿಟ್ಟಳು. "ಅಜ್ಜಿ ಇರೋದು ಇನ್ಯಾತಕ್ಕೆ ಮತ್ತೆ" ಎಂದಳು.

ಜ್ಯೋತಿ ಹೊರಟ ದಿನ ಮೂರೂ ಜಾಡಿಗಳು ಬಸ್ಸು ಹತ್ತಿದವು. ಬಚ್ಚಲುಮನೆಯ ಕೂಸುಗಳನ್ನು ಕಡಲಿಗೆ ಬಿಡಬೇಕೆಂದು ಮಾತಾಗಿತ್ತು. ಸುಣ್ಣದ ಡಬ್ಬಿಯನ್ನು ಅವಳು ವಾಪಸ್ಸು ಕೊಡಲು ಹೋದಾಗ ಪುಟ್ಟಗಂಗಮ್ಮ ಅದನ್ನು ಅವಳ ಬ್ಯಾಗಿಗೇ ಹಾಕಿ ಜಿಪ್ಪು ಎಳೆದಳು. "ತುಂಬ್ಸಿ ಇಟ್ಟಿದೀನಿ. ಹಡಗಲ್ಲಿ ದೂರ ಹೋದಾಗ, ಎಲ್ಲಿ ಕೂಸುಗಳು ಜಾಸ್ತಿ ಅವೆ ಅಂತ ಕಾಣ್ತದೋ ಅಲ್ಲಿ ಹಾಕು."

ಇಷ್ಟು ದೊಡ್ಡ ಕಡಲಿಗೆ ಇಷ್ಟು ಸುಣ್ಣವೇ ಎಂದು ಹುಡುಗಿ ಹೇಳಬಹುದಿತ್ತು. ಬದಲಿಗೆ ಬಗ್ಗಿ ಅಜ್ಜಿಯ ಕಾಲು ಮುಟ್ಟಿದಳು. ಮೊಣಕಾಲು ನೋವಿಗೆ ಏಳುವಾಗ ಅಜ್ಜಿಯೇ ಎತ್ತಬೇಕಾಯಿತು.

ಮೇಡಂ ಕೆಲಸ ಒಪ್ಪಿಕೊಂಡರು. ಹಡಗು ಹೊರಟಿತು, ಜ್ಯೋತಿಯೂ ಹೊರಟಳು, ಮೊದಲ ಮೂರು ದಿನ ಅಜ್ಜಿ ಹೇಳಿದ್ದಂತೆಯೇ ವಾಂತಿ ಮಾಡಿಕೊಂಡಳು. ಸಂಕ್ರಾಂತಿಯ ಎಳ್ಳು ಹುರಿಯುತ್ತಿದ್ದ ದಿನ ಮನೆಯ ಫೋನು ಬಡಿದುಕೊಂಡಿತು. ತಿಮ್ಮರಾಜು ಎತ್ತಿ, ನಾಲ್ಕು ಮಾತಾಡಿ, "ಅವ್ವಾ, ನಿನ್ನೇ ಕೇಳ್ತವ್ಳೆ" ಎಂದ.

ಪುಟ್ಟಗಂಗಮ್ಮ ರಿಸೀವರನ್ನು ಎರಡು ಕೈಯಲ್ಲಿ ಹಿಡಿದುಕೊಂಡಳು. "ಹಾಕಿದ್ಯಾ?"

"ಹಾಕ್ದೆ ಅಜ್ಜಿ. ಎಲ್ಲಿ ನೋಡಿದ್ರೂ ನೀರೇ ಇತ್ತು, ಅಲ್ಲಿ ಹಾಕ್ದೆ."

"ನೀರು ಏನಾಯ್ತು?"

"ಒಂದ್ ಗಳಿಗೆ ಅಷ್ಟಗಲ ಬೆಳ್ಳಗಾಯ್ತು. ಆಮೇಲೆ ಗೊತ್ತಾಗ್ಲಿಲ್ಲ."

ಪುಟ್ಟಗಂಗಮ್ಮ ಜಗಲಿಯ ಬೆಳ್ಳನೆಯ ಕಂಬದ ಕಡೆ ನೋಡಿದಳು. ಅತ್ತಲಿಂದ ಬಂದರಿನ ಗದ್ದಲ ಕೇಳುತ್ತಿತ್ತು. "ಅಜ್ಜಿ, ಇದೀಯಾ?" ಎಂದಳು ಜ್ಯೋತಿ. "ಇದೀನಿ ಕಣವ್ವ. ಹುಷಾರಾಗಿ ಬಾ" ಎಂದು ರಿಸೀವರು ಇಟ್ಟಳು.

ಮಗ ತಿಪಟೂರು ಮಾರ್ಕೆಟ್ಟಿಗೆ ಹೊರಡಲೆಂದು ಅಂಗಿ ಹಾಕಿಕೊಳ್ಳುತ್ತಿದ್ದ. ಪುಟ್ಟಗಂಗಮ್ಮ ಬಾಗಿಲ ತನಕ ಅವನ ಹಿಂದೆಯೇ ಹೋದಳು.

"ಬರೋವಾಗ ಸುಣ್ಣ ತಗಂಡ್ ಬಾ."

"ಒಂದು ಡಬ್ಬಿ ಸಾಕಾ ಅವ್ವ?"

"ಡಬ್ಬಿ ಯಾವ ಮೂಲೆಗೆ ಆಯ್ತದಪ್ಪ" ಎಂದಳು ಪುಟ್ಟಗಂಗಮ್ಮ. "ಮೂಟೆ ತಾ."